ಬಾವಲಿಗಳಿಗೊಂದು ಭಜನಾ ಸ್ಪರ್ಧೆ

ಆನ್‌ಲೈನ್ ಭಜನಾ ಸ್ಪರ್ಧೆಯ ಆ ನಿಯಮಾವಳಿ ನಿಮಗೂ ಬಂದಿರುತ್ತದೆ ಬಿಡಿ. ಮಂಗಳೂರಿನಿಂದ ಕುಂದಾಪುರದವರೆಗೆ ಅದು ಹೊಕ್ಕದ ವಾಟ್ಸ್ಆ್ಯಪ್ ಗ್ರೂಪ್ ಇಲ್ಲ. ಮೂರನೆಯ ನಿಯಮ: ಭಜನೆಯನ್ನು ಮನೆಯಲ್ಲೇ 192 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಪರಿಗಣಿಸುವುದಿಲ್ಲ. ಐದನೆಯ ನಿಯಮ: ಅದನ್ನು ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿಯೇ ಕಳುಹಿಸಬೇಕು. ಅಂದರೆ ಕಂಪ್ಯೂಟರಿನಲ್ಲಿ ಹಾಡು ಹಾಕಿ, ಸ್ಪೀಕರಿನ ಎದುರು ಮೊಬೈಲ್ ಹಿಡಿದು ಕೂತುಕೊಳ್ಳಬೇಕು. ನಾಲ್ಕನೆಯ ನಿಯಮ, ಹಾಡುವಾಗ ಶುಭ್ರ ಉಡುಪು ಕಡ್ಡಾಯ ಎಂದು. ಆಡಿಯೋ ಸ್ಪರ್ಧೆಗೆ.

ಸಮಿತಿಯವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇಷ್ಟು ವಿಶಾಲ ಹೃದಯ ಎಲ್ಲರಿಗೂ ಬರುವುದಿಲ್ಲ. ಯಾಕೆ ಅಂತೀರಾ? ಆ 192 ಅನ್ನುವುದು ಸ್ಯಾಂಪಲ್ ರೇಟ್, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ಬರೆದಿಡುತ್ತೇವೆ ಎಂಬ ಲೆಕ್ಕ. ಸೆಕೆಂಡಿಗೆ ಸಾವಿರ ಸಲ ಅಂದರೆ ಒಂದು ಕಿಲೋಹರ್ಟ್ಜ್. ಅದರ ಅರ್ಧದಷ್ಟು ಕಂಪನದವರೆಗೆ ಸದ್ದು ಸರಿಯಾಗಿ ದಾಖಲಾಗುತ್ತದೆ. ಸಿ.ಡಿ.ಯ 44.1ರಲ್ಲಿ ಸುಮಾರು 22 ಕಿಲೋಹರ್ಟ್ಜ್‌ವರೆಗೆ. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20ರವರೆಗೆ, ಅದೂ ಎಳೆ ಪ್ರಾಯದಲ್ಲಿ. ವಯಸ್ಸಾದ ಹಾಗೆ ಮೇಲಿನದ್ದು ಒಂದೊಂದೇ ಹೋಗುತ್ತದೆ. ಆ ಮೆಸೇಜಿನ ಫೋಟೋದಲ್ಲಿರುವ ತೀರ್ಪುಗಾರರ ತಲೆಗೂದಲು ನೋಡಿದರೆ 12 ಕಿಲೋಹರ್ಟ್ಜ್ ದಾಟುವುದೂ ಅನುಮಾನ. 192ರಲ್ಲಿ ರೆಕಾರ್ಡ್ ಮಾಡಿದರೆ 96 ಕಿಲೋಹರ್ಟ್ಜ್‌ವರೆಗೆ ಜಾಗ ಉಂಟು. ಹುಳ ಹಿಡಿಯುವ ಸಣ್ಣ ಬಾವಲಿಗಳು ಇಷ್ಟು ಮೇಲಿನ ಸದ್ದಿನಲ್ಲೇ ದಾರಿ ಹುಡುಕುವುದು. ಕದ್ರಿ ಗುಡ್ಡೆಯ ಬಾವಲಿಗಳನ್ನೂ ಶ್ರೋತೃಗಳೆಂದು ಲೆಕ್ಕಕ್ಕೆ ಹಿಡಿದ ಮೊದಲ ಸಮಿತಿ ಇದೇ ಇರಬೇಕು. ಬೇಜಾರೆಂದರೆ, ಮನೆಯಲ್ಲಿ ಬಳಸುವ ಮೈಕುಗಳು ಹೆಚ್ಚಿನವು 20ರ ಆಸುಪಾಸಿನಲ್ಲೇ ಸೋಲುತ್ತವೆ. ಬಾವಲಿಗೂ ಭಜನೆ ಇಲ್ಲ.

ಅಂಗಡಿಗೆ ಹೋಗಿ ಆಡಿಯೋ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ಕೇಳಿ ನೋಡಿ. "ಸರ್, 48 ತಗೊಂಡ್ರೆ ಮತ್ತೆ ಬೇಜಾರಾಗ್ತದೆ. ಈಗ ಎಲ್ಲ 192 ಅಲ್ವಾ?" ಯಾರಿಗೆ ಬೇಜಾರು, ಯಾವಾಗ ಬೇಜಾರು ಎಂದು ಅವನೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಈ ಅಂಕಿಗಳು ದೇವಲೋಕದಿಂದ ಇಳಿದವೇನಲ್ಲ. 44,100ರ ಕಥೆ ನನಗೆ ಬಹಳ ಇಷ್ಟ. ಡಿಜಿಟಲ್ ಧ್ವನಿ ಹುಟ್ಟಿದ ಕಾಲದಲ್ಲಿ ಅಷ್ಟೊಂದು ಅಂಕಿ ತುಂಬಿಸಿಡಲು ಅಗ್ಗದ ಜಾಗ ಇರಲಿಲ್ಲ. ವಿಡಿಯೋ ಟೇಪು ಇತ್ತು. ಟೀವಿ ಚಿತ್ರ ಮೂಡುವುದು ಗೆರೆಗೆರೆಯಾಗಿ. ಚಿತ್ರದ ಬದಲು ಆ ಗೆರೆಗಳಲ್ಲಿ ಧ್ವನಿ ತುಂಬಿದರು. ಗೆರೆಗೆ 3 ಸ್ಯಾಂಪಲ್, ಒಂದು ಸಲಕ್ಕೆ 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿ ನೋಡಿ, 44,100. ಯುರೋಪಿನ ಟೀವಿ ಲೆಕ್ಕದಲ್ಲಿ 294 ಗೆರೆ, 50 ಸಲ. ಅದೂ 44,100! 1982ರಲ್ಲಿ ಜಪಾನಿನಲ್ಲಿ ಸಿ.ಡಿ. ಮಾರಾಟಕ್ಕೆ ಬಂದಾಗ ಅದೇ ಅಂಕಿ ಕಾಯಂ ಆಯಿತು. ಕೈಗೆ ಸಿಕ್ಕಿದ್ದರಲ್ಲಿ ಸುಧಾರಿಸಿದ ಮರ್ಯಾದಸ್ಥರ ಲೆಕ್ಕ ಅದು. ನಾವು ಮಾತ್ರ ಈ ನಂಬರುಗಳನ್ನು ಜಾತಕ ಕೂಡಿಸುವ ಹಾಗೆ ಕೂಡಿಸುತ್ತಿದ್ದೇವೆ.

ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನ ನಡೆಸುವ ತಾಳಮದ್ದಳೆಯವರು ಈ ನಿಯಮವನ್ನು ಗಂಭೀರವಾಗಿ ತೆಗೆದುಕೊಳ್ಳದಿದ್ದರೆ ಸಾಕು. 192ರಲ್ಲಿ 24 ಬಿಟ್ ಸ್ಟೀರಿಯೋ ಅಂದರೆ ಗಂಟೆಗೆ ಹತ್ತಿರ ಹತ್ತಿರ 4 ಜಿ.ಬಿ. ಧ್ವನಿ ತುಂಬಿಸಿಡುವ ಸಾದಾ ವೇವ್ (WAV) ಫೈಲಿನ ಮಿತಿಯೇ 4 ಜಿ.ಬಿ. ಗಂಟೆ ದಾಟಿ ಎರಡು ನಿಮಿಷಕ್ಕೆ ಅದು ಭರ್ತಿ. ನಮ್ಮ ಕೆಲವು ಅರ್ಥಧಾರಿಗಳ ಪೀಠಿಕೆಯೇ ಅಷ್ಟರಲ್ಲಿ ಮುಗಿದಿರುವುದಿಲ್ಲ.

ಇನ್ನು 24 ಬಿಟ್. ಪ್ರತಿ ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆದಿಡುತ್ತೇವೆ ಎಂಬ ಲೆಕ್ಕ ಅದು. ಅದರ ಪ್ರಕಾರ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನದ್ದಕ್ಕೂ 144 ಡೆಸಿಬಲ್ ಅಂತರ. ಕಾಗದದಲ್ಲಿ ಚೆಂದ. ಮನೆಯಲ್ಲಿ ಎಂತ ಉಂಟು? ಕಿಟಕಿ ತೆರೆದರೆ ಬಸ್ಸಿನ ಹಾರ್ನ್, ಮುಚ್ಚಿದರೆ ಸೆಕೆ, ಫ್ಯಾನ್ ಹಾಕಿದರೆ ಫ್ಯಾನಿನದ್ದೇ ಭಜನೆ. ಪಕ್ಕದಲ್ಲಿ ಏಳುತ್ತಿರುವ ಫ್ಲ್ಯಾಟಿನಲ್ಲಿ ಟೈಲ್ಸ್ ಕತ್ತರಿಸುವ ಮಿಷನ್. ಅದು ನಿಂತರೆ ನವಿಲು. ಜೂನ್ ಬಂದರೆ ಶೀಟಿನ ಮೇಲೆ ಮಳೆ. ಮಳೆಯನ್ನು ಯಾರೂ ಬೈಯುವುದಿಲ್ಲ, ನವಿಲನ್ನೂ ಬೈಯುವುದಿಲ್ಲ. ಆದರೆ ಹಾರ್ನ್? 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಬರೆದಿದೆ. ಬರೆದಿದೆ, ಅಷ್ಟೇ. ಮೊದಲ ಸ್ಟಾಪಿಗೆ ಮೊದಲು ಮುಟ್ಟಲು ಎರಡು ಬಸ್ಸುಗಳು ಬೆಳಗ್ಗೆ ಆರೂವರೆಗೇ ಊರಿಡೀ ಕಿರುಚಿಕೊಂಡು ಹೋಗುತ್ತವೆ. ಮನೆಯಲ್ಲಿ ಮಗು ಮಲಗಿರುತ್ತದೆ, ಕಾಯಿಲೆಯವರು ಇರುತ್ತಾರೆ. ದೂರು ಕೊಟ್ಟರೆ "ಎಲ್ಲರೂ ಹಾಕ್ತಾರಲ್ಲ ಮಾರಾಯ್ರೆ" ಅನ್ನುತ್ತಾರೆ. ಈ ಊರಿನಲ್ಲಿ ಹತ್ತು ನಿಮಿಷ ಸುಮ್ನೆ ಇರುವ ಒಂದು ಕೋಣೆ ಸಿಗುವುದಿಲ್ಲ. ಸಿಗದ್ದನ್ನು ಯಾವ ರೇಟಿನಲ್ಲಿ ರೆಕಾರ್ಡ್ ಮಾಡುವುದು?

ಹಾಡುವವರಿಗೆ 48, 24 ಬಿಟ್ ಧಾರಾಳ ಸಾಕು. ವಿಡಿಯೋಗೂ ಅದೇ ಹೊಂದುತ್ತದೆ. 24 ಬಿಟ್ ಇದ್ದರೆ ಲೆವೆಲ್ ತುಸು ಕಡಿಮೆ ಇಟ್ಟುಕೊಳ್ಳಬಹುದು, ಎತ್ತರದ ಸ್ವರದಲ್ಲಿ ಧ್ವನಿ ಒಡೆಯುವುದಿಲ್ಲ. ಸದ್ದನ್ನು ಬಹಳ ನಿಧಾನ ಮಾಡಿ ಆಡುವವರಿಗೆ, ಕೆಲವು ಎಫೆಕ್ಟುಗಳಿಗೆ ದೊಡ್ಡ ರೇಟು ಉಪಯೋಗಕ್ಕೆ ಬರುತ್ತದೆ. ಅವರು ಸ್ಪರ್ಧೆಗೆ ಬರುವುದಿಲ್ಲ.

ದೊಡ್ಡ ರೇಟು ನಿಜವಾಗಿ ಬೇಕಾದ ಇನ್ನೊಂದು ಕೆಲಸ ನಮ್ಮಲ್ಲೇ ಬಿದ್ದುಕೊಂಡಿದೆ. ಉಡುಪಿ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಹಳೆಯ ಯಕ್ಷಗಾನ ಆಟಗಳ ಕ್ಯಾಸೆಟ್ಟುಗಳಿವೆ. ರಾತ್ರಿಯಿಡೀ ವೇಷ ಕಟ್ಟುವ ಚೌಕಿಯ ಹತ್ತಿರ, ರಂಗಸ್ಥಳದ ಬದಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಈಗ ಇಲ್ಲದ ಭಾಗವತರ ಪದ, ಈಗ ಇಲ್ಲದ ಚೆಂಡೆಯವರ ಕೈ. ಅಂಥ ಟೇಪುಗಳನ್ನು ಡಿಜಿಟಲ್ ಮಾಡುವಾಗ ಕನಿಷ್ಠ 48, ಸಾಧ್ಯವಾದರೆ 96 ಇರಲಿ, 24 ಬಿಟ್ ಇರಲಿ ಎಂದು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಹೇಳುತ್ತದೆ. ಅವರೂ 192 ಕಡ್ಡಾಯ ಅನ್ನುವುದಿಲ್ಲ. ಇದಕ್ಕೆ ಒಂದು ಒಳ್ಳೆಯ ಕ್ಯಾಸೆಟ್ ಡೆಕ್, ತಾಳ್ಮೆ ಇರುವ ಒಬ್ಬ ಹುಡುಗ ಸಾಕು. ಶಾಲು, ಹಾರ, ಹಣ್ಣಿನ ಬುಟ್ಟಿಗೆ ಪ್ರತಿ ಸಮಿತಿಯಲ್ಲೂ ದುಡ್ಡುಂಟು, ಡೆಕ್ ರಿಪೇರಿಗೆ ಇಲ್ಲ. ನಮ್ಮ ಮಳೆಗಾಲಕ್ಕೆ ಟೇಪಿಗೆ ಬೂಸು ಬರುತ್ತದೆ. ಮನೆಯವರು ಅಟ್ಟ ಗುಡಿಸುವಾಗ ಗೋಣಿಯಲ್ಲಿ ತುಂಬಿಸಿ ಗುಜರಿಗೆ ಕೊಡುತ್ತಾರೆ. ಗುಜರಿಯವನೂ ಈಗ ಕ್ಯಾಸೆಟ್ ಬೇಡ, ತವರವಿದ್ದರೆ ಕೊಡಿ ಅನ್ನುತ್ತಿದ್ದಾನೆ.