ಓದುಗರು ದಯವಿಟ್ಟು ಸಹಕರಿಸಬೇಕು

ಕರಾವಳಿಯ ಒಂದು ಲೈಬ್ರರಿಯಲ್ಲಿ ನಡೆದ ಲೇಖಕರ ಕಾರ್ಯಕ್ರಮದ ಫೋಟೊ ಪೇಪರಿನಲ್ಲಿ ಬಂದಿತ್ತು, ನೀವೂ ನೋಡಿರಬಹುದು. ಕಾಲುದೀಪದ ಸುತ್ತ ಹನ್ನೊಂದು ಜನ, ಒಂದು ಮೇಣದ ಬತ್ತಿಗೆ ನಾಲ್ಕು ಕೈ, ಎಲ್ಲರ ಕಣ್ಣೂ ಕ್ಯಾಮೆರಾದ ಮೇಲೆ. ಕೆಳಗೆ ‘ಗ್ರಂಥಾಲಯದಲ್ಲಿ ಲೇಖಕರೊಂದಿಗೆ ಸಂವಾದ’ ಎಂದು ಬರೆದು ಹನ್ನೊಂದು ಹೆಸರನ್ನೂ ಹುದ್ದೆ ಸಮೇತ ಎಡದಿಂದ ಬಲಕ್ಕೆ ಕೊಟ್ಟಿದ್ದಾರೆ. ಲೇಖಕರೆಲ್ಲಿ ಎಂದು ಹುಡುಕಿದವರಿಗೆ ‘ಮತ್ತಿತರರು ಉಪಸ್ಥಿತರಿದ್ದರು’ ಎಂಬಲ್ಲಿ ಸಿಕ್ಕಿರಬೇಕು.

ಯಾವ ಊರಿನ ಲೈಬ್ರರಿ ಎಂಬುದು ಬೇಡ. ಮಂಗಳೂರಿನವರು ಅದು ಉಡುಪಿಯದ್ದು ಎನ್ನುತ್ತಿದ್ದಾರೆ, ಉಡುಪಿಯವರು ಮಂಗಳೂರಿನದ್ದು ಎನ್ನುತ್ತಿದ್ದಾರೆ. ಇಬ್ಬರನ್ನೂ ನಂಬಬಹುದು.

ಪೇಪರಿನಲ್ಲಿ ಬಾರದೆ ಉಳಿದದ್ದು ಬಾಗಿಲಿಗೆ ಅಂಟಿಸಿದ್ದ ಚೀಟಿ: ‘ಇಂದು ಲೇಖಕರ ಕಾರ್ಯಕ್ರಮ ಇರುವುದರಿಂದ ವಾಚನಾಲಯ ಇರುವುದಿಲ್ಲ. ಓದುಗರು ದಯವಿಟ್ಟು ಸಹಕರಿಸಬೇಕು.’ ಓದುಗರು ಸಹಕರಿಸಿದರು. ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಪರೀಕ್ಷೆಗೆ ಓದುವ ಹುಡುಗರು ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿಗೆ ಹೋದರು. ಪೇಪರ್ ಓದಲು ಬರುವ ಹಿರಿಯರು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗುತ್ತಿದ್ದ ಹಣ್ಣಿನ ಬುಟ್ಟಿಗಳನ್ನು ಎಣಿಸಿ, ಮನೆಗೆ ಹೋದರು. ಓದುವ ಸಂಸ್ಕೃತಿಯನ್ನು ಬೆಳೆಸುವ ಕಾರ್ಯಕ್ರಮಕ್ಕೆ ಮೊದಲು ಬೇಕಾದದ್ದು ಕುರ್ಚಿ. ಕುರ್ಚಿ ಇರುವುದು ಓದುವವರ ಅಡಿಯಲ್ಲಿ. ಅದನ್ನು ಎಳೆಯದೆ ಸಂಸ್ಕೃತಿ ಬೆಳೆಯುವುದು ಹೇಗೆ ಮಾರಾಯ್ರೆ?

ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗೆ ವಾರದ ರಜೆ ಸೋಮವಾರ. ಕೆಲಸಕ್ಕೆ ಹೋಗುವವರೂ ಆದಿತ್ಯವಾರ ಬಂದು ಓದಲಿ ಎಂದು ಯಾರೋ ತಲೆ ಇದ್ದವರು ಮಾಡಿದ ಏರ್ಪಾಡು. ಕಾರ್ಯಕ್ರಮವನ್ನು ಆ ಖಾಲಿ ಸೋಮವಾರ ಇಟ್ಟರೆ ಒಬ್ಬನೇ ಒಬ್ಬ ಓದುಗನಿಗೂ ತೊಂದರೆ ಇಲ್ಲ. ಆದರೆ ಸೋಮವಾರ ಅತಿಥಿಗಳಿಗೆ ಪುರುಸೊತ್ತಿಲ್ಲ. ಹಾಗಾಗಿ ಆದಿತ್ಯವಾರ.

ಈಗ ದೀಪದ ವಿಷಯ. ದೀಪ ಹೊತ್ತದೆ ನಮ್ಮಲ್ಲಿ ಯಾವ ಪುಸ್ತಕವೂ ತೆರೆದುಕೊಳ್ಳುವುದಿಲ್ಲ. ಹತ್ತಿಯ ಬತ್ತಿಯನ್ನು ಅರ್ಧ ಗಂಟೆ ಮೊದಲೇ ಎಣ್ಣೆಯಲ್ಲಿ ನೆನೆಸಬೇಕು, ತುದಿಯನ್ನು ಚಿವುಟಿ ನೆಟ್ಟಗೆ ನಿಲ್ಲಿಸಬೇಕು, ತುದಿಗೆ ಚೂರು ಕರ್ಪೂರದ ಪುಡಿ ಸವರಬೇಕು. ಮನೆಯಲ್ಲಿ ದಿನಾ ದೀಪ ಇಡುವ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾರೆ. ಸಂಘಟಕರು ಕೇಳುವುದಿಲ್ಲ. ‘ಈಗ ದೀಪ ಪ್ರಜ್ವಲನೆ’ ಎಂದು ಮೈಕಿನಲ್ಲಿ ಹೇಳಿದ ಮೇಲೆ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಲು ಶುರು. ಒಣ ಬತ್ತಿ ಭರ್ರೆಂದು ತುದಿ ಉರಿದು ಕಪ್ಪಾಗಿ ಕೂರುತ್ತದೆ. ಉದ್ಘಾಟಕರ ಬೆರಳಿಗೆ ಮೇಣ ಬೀಳುತ್ತದೆ. ಆಗ ನಿರೂಪಕಿ ಸಂಸ್ಕೃತ ಶ್ಲೋಕವನ್ನು ಎರಡನೇ ಸಲ ಹೇಳುತ್ತಾರೆ. ಆಮೇಲೆ ಯಾರಿಗೋ ಹೊಳೆಯುತ್ತದೆ, ಫ್ಯಾನ್ ಆಫ್ ಮಾಡಿ ಎಂದು. ಆಫ್ ಆಯಿತು. ಇನ್ನು ಅದನ್ನು ಆನ್ ಮಾಡುವ ಹಾಗಿಲ್ಲ, ದೀಪ ಆರಿದರೆ ಅಪಶಕುನ. ಕರಾವಳಿಯ ಸೆಕೆಯಲ್ಲಿ ನೂರು ಜನ ಎರಡೂವರೆ ಗಂಟೆ ಒಂದು ದೀಪಕ್ಕೋಸ್ಕರ ಬೆವರುತ್ತಾರೆ. ದೀಪದ ಹಿಂದಿನ ಗೋಡೆಯಲ್ಲಿ ಕೆಂಪಕ್ಷರದ ಬೋರ್ಡು ಉಂಟು: ‘ಗ್ರಂಥಾಲಯದೊಳಗೆ ಬೆಂಕಿ ನಿಷೇಧ’.

ದೀಪ ಹಳತಾಯಿತು ಎನ್ನುವವರು ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಅರಳಿಸುತ್ತಾರೆ. ಚಂದವೇ. ಆದರೆ ಹಾಳೆ ಬಿರಿಯದ ಹಿಂಗಾರ ಬೇಕು. ಮುನ್ನಾದಿನ ಕೊಯ್ದು ಸ್ಕೂಟರಿನಲ್ಲಿ ಬಿಸಿಲಿಗೆ ಇಟ್ಟು ತಂದರೆ ಅದು ಅತಿಥಿಗಳಿಗೆ ಕಾಯದೆ ತಾನೇ ಅರಳಿರುತ್ತದೆ. ಅರಳಿದ್ದನ್ನು ಮತ್ತೆ ಮುಚ್ಚಿ, ನೂಲು ಕಟ್ಟಿ, ಮತ್ತೆ ಅರಳಿಸುತ್ತಾರೆ. ಅದರ ಹೂವು ಅಕ್ಕಿಕಾಳಿನ ಹಾಗೆ ಉದುರಿ ಕಪಾಟಿನ ಅಡಿಗೆ ಸೇರಿದರೆ ವಾರವಿಡೀ ಗುಡಿಸಿದರೂ ಮುಗಿಯುವುದಿಲ್ಲ. ಗುಡಿಸುವವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಇರುವುದಿಲ್ಲ.

ಆಮಂತ್ರಣ ಪತ್ರಿಕೆ ನಮ್ಮ ಜಿಲ್ಲೆಗಳ ನಿಜವಾದ ಸಾಹಿತ್ಯ ಪ್ರಕಾರ. ಹೊರಗಿನವರಿಗೆ ಅದು ಅರ್ಥವಾಗುವುದಿಲ್ಲ. ‘ಘನ ಉಪಸ್ಥಿತಿ’ ಎಂದರೆ ಬಾರದವರು. ‘ಗೌರವ ಉಪಸ್ಥಿತಿ’ ಎಂದರೆ ಬಂದು, ಫೋಟೊ ಆದ ಕೂಡಲೇ ಇನ್ನೊಂದು ಕಾರ್ಯಕ್ರಮಕ್ಕೆ ಹೋಗುವವರು. ‘ಅಭ್ಯಾಗತರು’ ಎಂದರೆ ಶಾಮಿಯಾನದ ದುಡ್ಡು ಕೊಟ್ಟವರು. ‘ಶುಭಾಶಂಸನೆ’ ಎಂಬುದು ಅಧ್ಯಕ್ಷತೆ ಸಿಗದೆ ಮುನಿಸಿಕೊಂಡವರನ್ನು ಸಮಾಧಾನ ಮಾಡಲು ಕರಾವಳಿ ಕಂಡುಹಿಡಿದ ಹುದ್ದೆ. ‘ಆಶಯ ನುಡಿ’ ಮತ್ತು ‘ಪ್ರಾಸ್ತಾವಿಕ ನುಡಿ’ ಒಂದೇ ಭಾಷಣ, ಇಬ್ಬರು ಮಾಡುತ್ತಾರೆ. ಸರಕಾರಿ ಕಾರ್ಯಕ್ರಮವಾದರೆ ಮೇಲಿಂದ ಶಿಷ್ಟಾಚಾರ: ಉಸ್ತುವಾರಿ ಸಚಿವರು, ಸಂಸದರು, ಶಾಸಕರು, ಪರಿಷತ್ತಿನವರು, ಕಾರ್ಪೊರೇಟರು. ಒಬ್ಬರ ಅಕ್ಷರ ಒಂದು ಪಾಯಿಂಟ್ ಸಣ್ಣದಾದರೆ ಮೂರು ದಿನ ಫೋನು ಇಡುವ ಹಾಗಿಲ್ಲ. ಇಷ್ಟೆಲ್ಲ ಸೇರಿಸಿ ಮುಗಿಸುವಾಗ ಮೂರನೇ ಪುಟದ ತಳದಲ್ಲಿ ಅರ್ಧ ಇಂಚು ಜಾಗ ಉಳಿಯುತ್ತದೆ. ಲೇಖಕರು ಅಲ್ಲಿರುತ್ತಾರೆ.

ಲೆಕ್ಕ ಹಾಕುವುದು ಕಷ್ಟವಲ್ಲ. ವೇದಿಕೆಯಲ್ಲಿ ಹನ್ನೊಂದು ಜನ. ಮಾತಾಡುವವರು ಎಂಟು. ಪ್ರತಿಯೊಬ್ಬರೂ ಉಳಿದ ಹತ್ತು ಮಂದಿಯನ್ನು ‘ವೇದಿಕೆಯಲ್ಲಿ ಆಸೀನರಾಗಿರುವ ಸನ್ಮಾನ್ಯ’ ಎಂದು ಹುದ್ದೆ ಸಹಿತ ಸಂಬೋಧಿಸಲೇಬೇಕು. ಒಂದು ಹೆಸರಿಗೆ ಎಂಟು ಸೆಕೆಂಡ್ ಹಿಡಿಯಿರಿ. ಎಂಟು ಜನರಿಗೆ 640 ಸೆಕೆಂಡ್, ಅಂದರೆ 10 ನಿಮಿಷ 40 ಸೆಕೆಂಡ್. ಬರೇ ಹೆಸರು! ಲೇಖಕರ ಪಾಲಿಗೆ ಕೊನೆಗೆ ಉಳಿಯುವುದು ಎಂಟು ನಿಮಿಷ, ಅದರಲ್ಲೂ ಹತ್ತು ಹೆಸರು ಅವರೇ ಹೇಳಬೇಕು. ಹೇಳದಿದ್ದರೆ ಸೊಕ್ಕು ಎನ್ನುತ್ತಾರೆ.

ಸಮಯ ಕಟ್ಟುವ ವಿದ್ಯೆ ಈ ರಾಜ್ಯಕ್ಕೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. 2022ರಲ್ಲಿ ಸರಕಾರ ನಾಡಗೀತೆಗೇ 2 ನಿಮಿಷ 30 ಸೆಕೆಂಡ್ ಎಂದು ಮಿತಿ ಹಾಕಿತು. ನಾಡಗೀತೆಗೆ ಮಿತಿ ಉಂಟು, ಅದರ ನಂತರದ ಸ್ವಾಗತ ಭಾಷಣಕ್ಕೆ ಇಲ್ಲ. ನಮ್ಮದೇ ಯಕ್ಷಗಾನವನ್ನು ನೋಡಿ. ಚೌಕಿ (ಬಣ್ಣದ ಮನೆ) ಪೂಜೆಯಿಂದ ಬೆಳಗಾಗುವವರೆಗೆ ಕುಣಿಯುತ್ತಿದ್ದ ಮೇಳಗಳಲ್ಲೇ ಎಷ್ಟೋ ಕಾಲಮಿತಿಗೆ ಬಂದವು. ಅವುಗಳಲ್ಲಿ ಕುರುಕ್ಷೇತ್ರ ಯುದ್ಧ ಈಗ ನಡುರಾತ್ರಿಯೊಳಗೆ ಮುಗಿಯುತ್ತದೆ. ಅಲ್ಲಿ ಹಾಡಿ ಆಟ ನಡೆಸುವ ಭಾಗವತರಿದ್ದಾರೆ. ಅವರು ಮುಂದಿನ ಪದ ಎತ್ತಿದರೆ ದುರ್ಯೋಧನನಾದರೂ ಮಾತು ನಿಲ್ಲಿಸಲೇಬೇಕು. ಸಭೆಯಲ್ಲಿ ಭಾಗವತರ ಜಾಗದಲ್ಲಿ ಚೀಟಿ ಉಂಟು. ನಿರೂಪಕಿ ಕೊಟ್ಟ ಚೀಟಿಯನ್ನು ಭಾಷಣಕಾರರು ಮೈಕಿನಲ್ಲೇ ಓದುತ್ತಾರೆ: ‘ಸಮಯ ಆಯಿತೆಂದು ಚೀಟಿ ಬಂದಿದೆ. ಎರಡೇ ಮಾತು ಹೇಳಿ ಮುಗಿಸುತ್ತೇನೆ.’ ಆ ಎರಡು ಮಾತಿಗೆ ಹತ್ತು ನಿಮಿಷ. ವೇಷವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯ ಅರ್ಥಧಾರಿ ಪೀಠಿಕೆಯನ್ನೇ ಅರ್ಧ ಗಂಟೆ ಎಳೆದರೂ ಎದುರಿಗೆ ಕೂತವ ತಿರುಗಿ ಕೇಳುತ್ತಾನೆ ಎಂಬ ಭಯ ಇರುತ್ತದೆ. ಇಲ್ಲಿ ಕೇಳುವ ಘಟ್ಟಕ್ಕೆ ‘ಸಂವಾದ’ ಎಂದು ಹೆಸರಿಟ್ಟು, ಸಮಯದ ಅಭಾವದಿಂದ ಕೈಬಿಡಲಾಗುತ್ತದೆ.

ಕೈಬಿಡದಿದ್ದರೆ ಇನ್ನೂ ಕಷ್ಟ. ಕುರ್ಚಿ ತುಂಬಿಸಲು ಕರೆತಂದ ಎನ್ನೆಸ್ಸೆಸ್ ಮಕ್ಕಳ ಕೈಯಲ್ಲಿ ಮೇಷ್ಟ್ರು ಬರೆದುಕೊಟ್ಟ ಪ್ರಶ್ನೆ ಇರುತ್ತದೆ, ನಂಬರ್ ಸಮೇತ. ಮೂರನೇ ಪ್ರಶ್ನೆಯ ಹುಡುಗಿ ಬಸ್ಸಿಗೆ ಹೋಗಿರುತ್ತಾಳೆ. ನಾಲ್ಕನೆಯವನು ಮೂರನೆಯದಕ್ಕೆ ಕಾಯುತ್ತಾ ಕೂರುತ್ತಾನೆ.

ಇದೆಲ್ಲದರ ನಡುವೆ ಕೆಲಸ ಗೊತ್ತಿದ್ದವರು ಒಬ್ಬರೇ, ಹಿಂದಿನ ಜಗಲಿಯಲ್ಲಿ ಗೋಳಿಬಜೆ ಮಾಡುವವರು. ಮೈದಾಕ್ಕೆ ಹುಳಿ ಮೊಸರು, ಶುಂಠಿ, ಹಸಿಮೆಣಸು, ಕಾಯಿಚೂರು, ಚಿಟಿಕೆ ಸೋಡಾ ಹಾಕಿ ಕಲಸಿ ಎರಡು ಮೂರು ಗಂಟೆ ಬಿಡಬೇಕು. ಸ್ವಾಗತ ಭಾಷಣಕ್ಕೆ ಕಲಸಿದರೆ ಸರಿಯಾಗುತ್ತದೆ. ಬೆಂಕಿ ಹದವಾಗಿರಬೇಕು, ಜೋರಾದರೆ ಹೊರಗೆ ಕೆಂಪು, ಒಳಗೆ ಹಸಿ ಹಿಟ್ಟು, ಥೇಟ್ ಆಶಯ ನುಡಿ. ಕರಿದು ಇಟ್ಟರೆ ಅರ್ಧ ಗಂಟೆಯಲ್ಲಿ ಚಕ್ಕುಲಿಗೂ ಅಲ್ಲ ರಬ್ಬರಿಗೂ ಅಲ್ಲ ಎಂಬ ಸ್ಥಿತಿಗೆ ಬರುತ್ತದೆ. ಆದ್ದರಿಂದ ಯಾವಾಗ ಎಣ್ಣೆ ಇಡುವುದು ಎಂಬುದೇ ವಿದ್ಯೆ. ಆಮಂತ್ರಣದಲ್ಲಿ ಬರೆದ ಸಮಯವನ್ನು ಅವರು ನಂಬುವುದಿಲ್ಲ. ಅವರ ಸೂತ್ರ ಒಂದೇ: ಲೇಖಕರು ಎದ್ದರೆ ಎಣ್ಣೆ ಇಡು. ಎಂಟು ನಿಮಿಷ ಲೇಖಕರು, ಆಮೇಲೆ ಅಧ್ಯಕ್ಷರು, ವಂದನಾರ್ಪಣೆ; ನೂರು ಜನರ ತಟ್ಟೆಗೆ ನಾಲ್ಕು ನಾಲ್ಕರಂತೆ ಬಿಸಿ ಬಜೆ ತಯಾರು. ಹೀಗಾಗಿ ಈ ಊರಿನ ಲೇಖಕರಿಗೆಲ್ಲ ಒಂದು ಅನುಭವ ಸಮಾನ. ಅವರು ಬಾಯಿ ತೆರೆದ ಮೂರನೇ ನಿಮಿಷಕ್ಕೆ ಸಭೆಯ ಮೂಗು ಹಿಂದಕ್ಕೆ ತಿರುಗುತ್ತದೆ.

ಇನ್ನು ಸನ್ಮಾನ. 2021ರ ಆಗಸ್ಟ್‌ನಲ್ಲಿ ಸರಕಾರ ಸುತ್ತೋಲೆ ಹೊರಡಿಸಿತ್ತು: ಸರಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಬೇಡ; ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ. ಗ್ರಂಥಾಲಯದವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಹಾರ, ಶಾಲು, ಬುಟ್ಟಿ, ಸ್ಮರಣಿಕೆ, ಮೈಸೂರು ಪೇಟ, ಇವುಗಳ ಜೊತೆಗೆ ಈಗ ಪುಸ್ತಕವನ್ನೂ ಕೊಡುತ್ತಾರೆ. ಪುಸ್ತಕ ಎಲ್ಲಿಂದ? ಲೇಖಕರೇ ಇಪ್ಪತ್ತೈದು ಪ್ರತಿ ತಂದಿರುತ್ತಾರಲ್ಲ, ‘ಗೌರವ ಪ್ರತಿ’ಗೆ. ಬಿಡುಗಡೆಗೆಂದು ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಬಿಗಿದದ್ದೂ ಅದರಲ್ಲೇ. ಅದನ್ನು ಯಾವತ್ತೂ ಬಿಡಿಸಲು ಬರುವ ಗಂಟು ಹಾಕುವುದಿಲ್ಲ, ಕತ್ತರಿ ಯಾವತ್ತೂ ಇರುವುದಿಲ್ಲ. ಒಬ್ಬರು ಹಲ್ಲಿನಿಂದ ಕಚ್ಚಿ ಬಿಡುಗಡೆ ಮಾಡುತ್ತಾರೆ. ಹನ್ನೊಂದು ಜನ ಹನ್ನೊಂದು ಪ್ರತಿ ಎದೆಗೆ ಹಿಡಿಯುತ್ತಾರೆ, ಅದರಲ್ಲಿ ಎರಡು ತಲೆಕೆಳಗು.

ಮಂಗಳೂರಿನಲ್ಲಿ 1917ರಲ್ಲಿ ಸರಕಾರಿ ಕಾಲೇಜಿಗೆ ಒಬ್ಬ ಗಣಿತದ ಮೇಷ್ಟ್ರು ಬಂದಿದ್ದರು, ಎಸ್.ಆರ್. ರಂಗನಾಥನ್. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರ ಪ್ರಕಟಿಸಿದರು. ಪ್ರತಿ ಆಗಸ್ಟ್ 12ಕ್ಕೆ ಲೈಬ್ರರಿಗಳಲ್ಲಿ ಅವರ ಫೋಟೊಗೆ ಹಾರ ಬೀಳುತ್ತದೆ. ಮೊದಲ ಸೂತ್ರ, ಪುಸ್ತಕ ಇರುವುದು ಬಳಸಲಿಕ್ಕೆ. ನಾಲ್ಕನೆಯದು, ಓದುಗನ ಸಮಯ ಉಳಿಸು. ಆ ಫೋಟೊದ ಅಡಿಯಲ್ಲೇ ಎರಡೂವರೆ ಗಂಟೆ ಭಾಷಣ ನಡೆಯುತ್ತದೆ. ಗೋಡೆಯಿಂದ ಅವರು ಇಳಿದು ಬರುವುದಿಲ್ಲ ಎಂಬ ಧೈರ್ಯ.

ತಮಾಷೆ ಸಾಕು. ಮನೆ ಇರುವ ಪ್ರತಿಯೊಬ್ಬರೂ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಕಟ್ಟುತ್ತಾರೆ. 1965ರ ಕಾಯ್ದೆ ಅದು, ಕಟ್ಟದೆ ಬಿಡುವ ಹಾಗಿಲ್ಲ. ವಸೂಲಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ದಾಟಿಸದೆ ಬಾಕಿ ಇಟ್ಟುಕೊಳ್ಳುವುದು ಈ ರಾಜ್ಯದಲ್ಲಿ ಹಳೇ ಸುದ್ದಿ. ಹೊಸ ಪುಸ್ತಕ ಕೇಳಿದರೆ ಆಯ್ಕೆ ಪಟ್ಟಿ ಬರಲಿಲ್ಲ ಎನ್ನುತ್ತಾರೆ. ಕಕ್ಕಸಿಗೆ ನೀರಿಲ್ಲ ಎಂದರೆ ಅನುದಾನ ಇಲ್ಲ ಎನ್ನುತ್ತಾರೆ. ಹನ್ನೊಂದು ಶಾಲಿಗೆ ದುಡ್ಡು ಎಲ್ಲಿಂದಲೋ ಬರುತ್ತದೆ. ಪರೀಕ್ಷೆಗೆ ಓದುವ ಹುಡುಗನಿಗೆ ಮನೆಯಲ್ಲಿ ಕೂತು ಓದಲು ಜಾಗ ಇಲ್ಲ, ಅದಕ್ಕೇ ಅವನು ಇಲ್ಲಿ ಬರುವುದು. ಅವನ ಒಂದು ಆದಿತ್ಯವಾರವನ್ನು ಕಿತ್ತುಕೊಂಡು ಅವನದೇ ಪೀಳಿಗೆ ಓದುವುದಿಲ್ಲ ಎಂದು ಅವನ ಕುರ್ಚಿಯಲ್ಲೇ ಕೂತು ಮರುಗುತ್ತಾರಲ್ಲ, ನಾಚಿಕೆ ಬೇಡವೇ?

ಬೇಕಾಗುವುದು ಬಹಳ ಕಡಿಮೆ. ಹದಿನೈದು ದಿನ ಮೊದಲೇ ಆ ಪುಸ್ತಕದ ಐದು ಪ್ರತಿ ಕೌಂಟರಿನಲ್ಲಿ ಎರವಲಿಗೆ ಇರಲಿ. ಪುಸ್ತಕ ಓದಿದ ಒಬ್ಬರು ಲೇಖಕರ ಎದುರು ಕೂರಲಿ. ಎರಡು ಕುರ್ಚಿ, ಒಂದು ಮೈಕ್. ಸ್ಪೀಕರ್ ಪೆಟ್ಟಿಗೆಯನ್ನು ಮೈಕಿನ ಹಿಂದೆ ಇಡಬೇಡಿ, ಮುಂದೆ ಸಭೆಯ ಕಡೆ ಮುಖ ಮಾಡಿ ಇಡಿ, ಆ ಕುಂಯ್ ಎನ್ನುವ ಶಬ್ದ ನಿಲ್ಲುತ್ತದೆ. ನಲವತ್ತು ನಿಮಿಷ ಮಾತು, ಇಪ್ಪತ್ತು ನಿಮಿಷ ಪ್ರಶ್ನೆ, ಫ್ಯಾನ್ ತಿರುಗುತ್ತಿರಲಿ. ಬಜೆ ಇರಲಿ, ಅದಕ್ಕೆ ವಿರೋಧ ಇಲ್ಲ.

ಆ ದಿನ ಎಲ್ಲ ಮುಗಿದು, ಅತಿಥಿಗಳ ಕಾರು ಹೊರಟ ಮೇಲೆ, ಲೈಬ್ರರಿಯ ಸಹಾಯಕರು ಕುರ್ಚಿಗಳನ್ನು ಎರಡೆರಡಾಗಿ ಓದುವ ಕೋಣೆಗೆ ಹೊತ್ತು ಹಾಕಿದರು. ಮುಖ್ಯ ಅತಿಥಿಗಳು ಶಾಲು, ಬುಟ್ಟಿ, ಸ್ಮರಣಿಕೆ ಒಯ್ದಿದ್ದರು. ಪುಸ್ತಕ ಮಾತ್ರ ಕುರ್ಚಿಯಲ್ಲೇ ಇತ್ತು, ಒಳಪುಟದಲ್ಲಿ ಲೇಖಕರ ಸಹಿ, ‘ಪ್ರೀತಿಯಿಂದ’ ಎಂದು ಬರೆದದ್ದು. ಅದನ್ನು ತಂದು ಕೌಂಟರಿನ ಮೇಲಿಟ್ಟರು. ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದ ಹುಡುಗನೊಬ್ಬ ಹಾಳೆ ಮಗುಚಿ ನೋಡಿದ, ನಿಂತಲ್ಲೇ ನಾಲ್ಕು ಪುಟ ಓದಿದ, ಕಾರ್ಡು ತೆಗೆದ.

‘ಸರ್, ಇದನ್ನು ಕೊಡ್ತೀರಾ?’

ಕೌಂಟರಿನವರು ಪುಸ್ತಕ ತಿರುಗಿಸಿ ನೋಡಿದರು. ಅಕ್ಸೆಶನ್ ನಂಬರ್ ಇಲ್ಲ, ಸೀಲ್ ಇಲ್ಲ, ಡೇಟ್ ಸ್ಲಿಪ್ ಇಲ್ಲ.

‘ಕೊಡ್ಲಿಕ್ಕೆ ಬರುದಿಲ್ಲ ಮಾರಾಯಾ. ಇದು ಲೈಬ್ರರಿ ಪುಸ್ತಕ ಅಲ್ಲ.’