ನಲವತ್ತು ಸೆಕೆಂಡಿನ ರೀಲಲ್ಲಿ ಜ್ಯೋತಿ ಕಾಣಲ್ಲ

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಮೊನ್ನೆ ರಾತ್ರಿ ಚಿಕ್ಕಪ್ಪನ ಮಗ ಒಂದು ರೀಲ್ ಹಾಕಿದ. ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯದು. ಮಳೆಯಲ್ಲಿ ತೊಪ್ಪೆಯಾದ ಜನ, ಪ್ಲಾಸ್ಟಿಕ್ ರೇನ್‌ಕೋಟು, ದೋಣಿಗಳು, ತಲೆಕೆಳಗಾಗಿ ಏರಿಸಿದ ಒಲಿಂಪಿಕ್ ಬಾವುಟ, ಕೊನೆಗೆ ಜ್ಯೋತಿ ಹೊತ್ತು ಮೇಲೇರುವ ಆ ಬಲೂನು. ಎಲ್ಲ ಸೇರಿ ನಲವತ್ತು ಸೆಕೆಂಡು. ಕೆಳಗೆ ಅವನದೊಂದು ಸಾಲು: "ಇಷ್ಟಕ್ಕೆ ನಾಲ್ಕು ಗಂಟೆ ಬೇಕಿತ್ತಾ? ನಮ್ ದಸರಾನೇ ವಾಸಿ." ಅದಕ್ಕೆ ಸಾಲು ಸಾಲು ನಗುವ ಮುಖಗಳು. ನಾನು ಆವತ್ತು ಏನೂ ಬರೆಯಲಿಲ್ಲ. ಎರಡು ದಿನದಿಂದ ಮನಸ್ಸಲ್ಲಿ ಕೊರೀತಾನೇ ಇದೆ.

ನಮ್ಮ ದಸರಾ ವಾಸಿ ಅನ್ನೋದಕ್ಕೆ ನನ್ನ ತಕರಾರಿಲ್ಲ. ಆದರೆ ದಸರಾ ನೋಡಿ ಬೆಳೆದ ಮೈಸೂರಿನವರೇ ಈ ಮಾತು ಆಡಬಾರದು ಅಂತ ನನಗನ್ನಿಸುತ್ತೆ. ಬೆಳಿಗ್ಗೆ ಹತ್ತಕ್ಕೇ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನಲ್ಲಿ ಪೇಪರ್ ಹಾಸಿಕೊಂಡು ಕೂತು, ಬಿಸಿಲಿಗೆ ತಲೆ ಮೇಲೆ ಟವೆಲ್ ಹಾಕಿಕೊಂಡು, ಮಗು ಅತ್ತರೆ ಸೌತೆಕಾಯಿ ಕೊಡಿಸಿ ಸಮಾಧಾನ ಮಾಡಿ, ಸಂಜೆ ಆನೆ ಬರುವವರೆಗೂ ಜಾಗ ಬಿಡದ ಜನ ನಾವು. 750 ಕೆಜಿಯ ಅಂಬಾರಿ ನಮ್ಮ ಮುಂದೆ ಹಾದುಹೋಗೋಕೆ ಒಂದು ನಿಮಿಷವೂ ಬೇಕಾಗಲ್ಲ. ಆ ಕ್ಷಣಕ್ಕೆ ಕೈ ಜೋಡಿಸುವಾಗ ಮೈ ಜುಂ ಅನ್ನುತ್ತಲ್ಲ, ಅದು ಬೆಳಗಿಂದ ಕಾದಿದ್ದಕ್ಕೇ ಅನ್ನುತ್ತೆ. ಅದನ್ನೇ ಮನೆಯಲ್ಲಿ ಮೊಬೈಲ್‌ನಲ್ಲಿ ನೋಡಿದಾಗ ನನಗೆ ಯಾವತ್ತೂ ಹಾಗಾಗಿಲ್ಲ.

ಪ್ಯಾರಿಸ್ ಉದ್ಘಾಟನೆಯನ್ನು ನಾವು ಪೂರ್ತಿ ನೋಡಿದೆವು. 2024ರ ಜುಲೈ 26, ಆಷಾಢ ಶುಕ್ರವಾರ. ಬೆಳಗಿನ ಜಾವವೇ ಬೆಟ್ಟಕ್ಕೆ ಹೋಗಿ, ಸಾಲಿನಲ್ಲಿ ನಿಂತು ತಾಯಿಯ ದರ್ಶನ ಮಾಡಿ ಬಂದಿದ್ದೆವು. ಕೆಆರ್‌ಎಸ್ ತುಂಬಿದ ದಿನಗಳು ಬೇರೆ. ಕಾವೇರಿ ಎರಡೂ ದಡ ಹಿಡಿದು ಹರೀತಿದ್ದಳು, ಊರಲ್ಲೆಲ್ಲ ಅದೇ ಮಾತು. ರಾತ್ರಿ 11ಕ್ಕೆ ಟಿವಿಯಲ್ಲಿ ಪ್ಯಾರಿಸ್‌ನ ಸೀನ್ ನದಿ ಕಾಣಿಸಿದ್ದೇ ಅಪ್ಪಾಜಿ, "ಅಲ್ಲೂ ಮಳೆನಾ?" ಅಂದರು. ಅವರಿಗೆ ಅಷ್ಟು ಸಾಕಾಯ್ತು, ಗೋಡೆಗೆ ಒರಗಿ ಕೂತುಬಿಟ್ಟರು.

ಅಪ್ಪಾಜಿ ಬಗ್ಗೆ ಒಂದು ಮಾತು ಹೇಳಲೇಬೇಕು. ಮಂಡ್ಯ ಕಡೆ ಹಳ್ಳಿಯವರು, ಕಾನ್‌ಸ್ಟೇಬಲ್ ಆಗಿ ಸೇರಿ ಎಎಸ್‌ಐ ಆಗಿ ನಿವೃತ್ತರಾದವರು. 1979ರಲ್ಲಿ ತರಬೇತಿಯಲ್ಲಿದ್ದಾಗ ದಸರಾದ ಕೊನೆಗೆ ಬನ್ನಿಮಂಟಪದಲ್ಲಿ ನಡೆಯೋ ಪಂಜಿನ ಕವಾಯತಿಗೆ ಇಳಿದಿದ್ದರು. ಎರಡು ಕೈಗೆ ಎರಡು ಪಂಜು. ಕೋಲಿನ ತುದಿಗೆ ಸುತ್ತಿದ ಬಟ್ಟೆ, ಸೀಮೆಎಣ್ಣೆಯ ಘಾಟು. ಕತ್ತಲಲ್ಲಿ ಸಾಲು ಬದಲಿಸುವಾಗ ಎಣ್ಣೆ ಜಿನುಗಿ ಎಡಗೈ ಮಣಿಕಟ್ಟಿನ ಮೇಲೆ ಉರಿಯುತ್ತಾ ಇಳಿಯಿತಂತೆ. ಕೈ ಕೊಡವಿದರೆ ಪಂಜುಗಳ ಸಾಲಿನಿಂದ ಮೈದಾನದಲ್ಲಿ ಮೂಡಿರೋ ಅಕ್ಷರ ಕೆಡುತ್ತೆ. ಕೊಡವಲಿಲ್ಲ. ಹುಣಸೆಬೀಜದಷ್ಟಗಲದ ಆ ಕಲೆ ಇವತ್ತಿಗೂ ಇದೆ, ಅದರ ಮೇಲೆ ಕೂದಲು ಹುಟ್ಟಲ್ಲ. ಸಣ್ಣವಳಿದ್ದಾಗ ಅದನ್ನು ಬೆರಳಲ್ಲಿ ಸವರುತ್ತಾ ನಿದ್ದೆ ಹೋಗ್ತಿದ್ದೆ. ಹಾಗಾಗಿ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಜ್ಯೋತಿ ಹಿಡಿದು ಬಂದರೂ ಅಪ್ಪಾಜಿ ನೋಡೋದು ಅವರ ಮುಖವನ್ನಲ್ಲ, ಮಣಿಕಟ್ಟನ್ನು.

1996ರಲ್ಲಿ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಜ್ಯೋತಿ ಹೊತ್ತಿಸಿದ್ದನ್ನು ನಾವು ದೂರದರ್ಶನದ ವಾರ್ತೆಯಲ್ಲಿ ನೋಡಿದ್ದು. ಪಾರ್ಕಿನ್ಸನ್ ಕಾಯಿಲೆಗೆ ಎಡಗೈ ನಡುಗುತ್ತಿತ್ತು. ಪಕ್ಕದ ಮನೆಯವರು "ಪಾಪ, ಇಂಥವರನ್ನ ಯಾಕೆ ಕರೆಸ್ತಾರೆ" ಅಂದರು. ಅಪ್ಪಾಜಿ ಮಾತ್ರ, "ನಡುಗ್ತಾ ಐತೆ, ಆದ್ರೂ ಬುಡ್ಲಿಲ್ಲ ನೋಡು" ಅಂದರು. ಒಂದೇ ದೃಶ್ಯ, ಇಬ್ಬರ ಕಣ್ಣಿಗೆ ಎರಡು ಥರ ಕಂಡಿತ್ತು.

ನೋಡುಗರ ಪ್ರತಿಕ್ರಿಯೆ ಅಂದಾಗ ನನಗೆ ಮೊದಲು ನೆನಪಾಗೋದು ಸಿಡ್ನಿ, 2000. ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯದ ಕ್ಯಾಥಿ ಫ್ರೀಮನ್ ನೀರಿನ ನಡುವೆ ನಿಂತು ಸುತ್ತಲೂ ಬೆಂಕಿಯ ಉಂಗುರ ಹೊತ್ತಿಸಿದಳು. ಅದು ಅವಳನ್ನು ದಾಟಿ ಮೇಲೆದ್ದು, ಇಳಿಜಾರಿನಲ್ಲಿ ಹತ್ತಿಕೊಂಡು ಹೋಗಬೇಕಿತ್ತು. ಯಂತ್ರ ಕೈಕೊಟ್ಟು ಮಧ್ಯದಲ್ಲೇ ನಿಂತಿತು. ಹೆಚ್ಚೂಕಡಿಮೆ ನಾಲ್ಕು ನಿಮಿಷ. ಮೈಯೆಲ್ಲ ಒದ್ದೆ, ಕೈಯಲ್ಲಿ ಪಂಜು, ಎದುರಿಗೆ ತುಂಬಿದ ಕ್ರೀಡಾಂಗಣ. ಅವಳು ಕದಲಲಿಲ್ಲ. ಇದೂ ಕಾರ್ಯಕ್ರಮದ ಭಾಗವೇ ಇರಬೇಕು ಅಂದುಕೊಂಡು ಜನ ಉಸಿರು ಬಿಗಿಹಿಡಿದು ನೋಡಿದರು. ಹತ್ತು ದಿನದ ಮೇಲೆ ಅದೇ ಕ್ರೀಡಾಂಗಣದಲ್ಲಿ 400 ಮೀಟರ್ ಓಟದಲ್ಲಿ ಚಿನ್ನ ಗೆದ್ದಳು. ಇವತ್ತು ಅದೇ ಆಗಿದ್ದರೆ ಆ ನಾಲ್ಕು ನಿಮಿಷ ಮುಗಿಯೋದರೊಳಗೆ ಸಾವಿರ ಮೀಮ್ ಹುಟ್ಟಿರುತ್ತಿದ್ದವು, ಅವಳ ನಿಲುವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನನ್ನ ಸಂಕಟ ಇದೇ.

ಟೀಕೆಯೇ ಬೇಡ ಅಂತ ಅಲ್ಲ. ಪ್ಯಾರಿಸ್‌ನಲ್ಲಿ ಪಿ.ವಿ. ಸಿಂಧು, ಶರತ್ ಕಮಲ್ ಬಾವುಟ ಹಿಡಿದು ದೋಣಿಯಲ್ಲಿ ಬಂದಾಗ ನಮ್ಮ ಅತ್ತೆ ಕಣ್ಣು ಕಿರಿದು ಮಾಡಿ ಸೀರೆ ನೋಡಿದರು. "ರೇಷ್ಮೆ ನೇಯೋ ದೇಶ ನಮ್ದು. ಇದೇನಮ್ಮಾ, ಅಚ್ಚು ಹಾಕಿದ ಸೀರೆ ಉಡಿಸಿ ಕಳಿಸವ್ರೆ" ಅಂದರು. ದೇಶದ ತುಂಬ ಬಹಳ ಜನ ಅದನ್ನೇ ಹೇಳಿದರು. ಅದು ನ್ಯಾಯವಾದ ಮಾತು, ಕಣ್ಣಿಟ್ಟು ನೋಡಿದವರ ಮಾತು. ದಕ್ಷಿಣ ಕೊರಿಯಾವನ್ನು ಉತ್ತರ ಕೊರಿಯಾ ಅಂತ ಕೂಗಿದ್ದು ತಪ್ಪೇ, ಅದಕ್ಕೆ ಕ್ಷಮೆಯನ್ನೂ ಕೇಳಿದರು. ಕಾರ್ಯಕ್ರಮದ ಒಂದು ದೃಶ್ಯ ಕ್ರೈಸ್ತರನ್ನು ಅಣಕಿಸುತ್ತೆ ಅಂತ ಎದ್ದ ಗಲಾಟೆಯಲ್ಲೂ ನಿಜವಾಗಿ ನೊಂದವರಿದ್ದರು. ಆದರೆ ನಮ್ಮ ಗ್ರೂಪಿನಲ್ಲಿ ಅತಿ ಹೆಚ್ಚು ಕೂಗಾಡಿದವರು ಹನ್ನೊಂದೂವರೆಗೇ ಮಲಗಿ, ಬೆಳಿಗ್ಗೆ ಎದ್ದು ಫಾರ್ವರ್ಡ್ ನೋಡಿದವರು.

ಅವರಿಗೆ ತಪ್ಪಿಹೋಗಿದ್ದು ಕೊನೆಯ ಅರ್ಧ ಗಂಟೆ. ನಮ್ಮಲ್ಲಿ ಗಂಟೆ ಎರಡೂವರೆ ದಾಟಿತ್ತು. ಮಗ ಅಪ್ಪಾಜಿಯ ತೊಡೆ ಮೇಲೆ ನಿದ್ದೆ ಹೋಗಿದ್ದ. ಮಳೆ ನಿಂತಿರಲಿಲ್ಲ. ಪಂಜು ಫುಟ್‌ಬಾಲ್‌ನ ಜಿದಾನ್ ಕೈಯಿಂದ ಟೆನಿಸ್‌ನ ನಡಾಲ್ ಕೈಗೆ, ಅಲ್ಲಿಂದ ದೋಣಿಯಲ್ಲಿ ಟೆನಿಸ್‌ನ ಸೆರೆನಾ ವಿಲಿಯಮ್ಸ್, ಓಟಗಾರ ಕಾರ್ಲ್ ಲೂಯಿಸ್, ಜಿಮ್ನಾಸ್ಟ್ ನಾದಿಯಾ ಕೊಮನೆಚಿ. ಆಮೇಲೆ ಪಂಜು ಒಬ್ಬರಿಂದ ಒಬ್ಬರಿಗೆ ಹೋದಂತೆ ಕೊಟ್ಟವರು ಬಿಟ್ಟುಹೋಗದೆ ಜೊತೆಯಲ್ಲೇ ಓಡುತ್ತಾ ಬಂದರು. ಗುಂಪು ದೊಡ್ಡದಾಗುತ್ತಾ ಹೋಯಿತು. ಕೊನೆಗೆ ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜ. ಚಾರ್ಲ್ಸ್ ಕೋಸ್ಟ್, ಆಗ ನೂರು ವರ್ಷ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೈಕ್ಲಿಂಗ್ ಚಿನ್ನ ಗೆದ್ದವರು. ಸ್ವತಂತ್ರ ಭಾರತದ ಹಾಕಿ ತಂಡ ಮೊದಲ ಚಿನ್ನ ತಂದ ಒಲಿಂಪಿಕ್ಸ್ ಅದೇ! ಆ ಕೂಟದ ಒಬ್ಬರು ಆವತ್ತಿಗೂ ಬದುಕಿದ್ದು, ಮಳೆಯಲ್ಲಿ ಕೂತು, ಪಂಜು ಹಿಡಿದಿದ್ದರು. ಅಪ್ಪಾಜಿ ಮುಂದಕ್ಕೆ ಬಾಗಿದರು. ಅಜ್ಜನ ಬೆರಳು ಪಂಜನ್ನು ಬಿಗಿಯಾಗಿ ಸುತ್ತಿಕೊಂಡಿದ್ದವು. "ಕೈ ಗಟ್ಟಿ ಐತೆ ಕಣವ್ವ" ಅಂದರು. ಅಷ್ಟೇ ಅಂದಿದ್ದು, ಕಣ್ಣಲ್ಲಿ ನೀರು ನಿಂತಿತ್ತು.

ಆಮೇಲೆ ಟ್ಯೂಲರೀಸ್ ತೋಟದಲ್ಲಿ ಓಟಗಾರ್ತಿ ಮಾರಿ ಜೋಸ್ ಪೆರೆಕ್, ಜುಡೊದ ಟೆಡ್ಡಿ ರೈನರ್ ಇಬ್ಬರೂ ಸೇರಿ ಬಲೂನಿನ ಕೆಳಗಿನ ಉಂಗುರಕ್ಕೆ ಜ್ಯೋತಿ ಮುಟ್ಟಿಸಿದರು, ಬಲೂನು ಮೇಲೆದ್ದಿತು. 1783ರಲ್ಲಿ ಜಲಜನಕದ ಬಲೂನಿನಲ್ಲಿ ಮನುಷ್ಯರು ಮೊದಲ ಸಲ ಆಕಾಶಕ್ಕೇರಿದ್ದು ಅದೇ ತೋಟದಿಂದ. ಕಾಯಿಲೆಯಿಂದ ಬಹಳ ಕಾಲ ಹಾಡದೇ ಇದ್ದ ಸೆಲೀನ್ ಡಿಯಾನ್ ಐಫೆಲ್ ಗೋಪುರದ ಮೇಲೆ ನಿಂತು ಹಾಡಿದರು. ಒಂದು ಪದ ನಮಗೆ ಅರ್ಥವಾಗಲಿಲ್ಲ, ಆದರೂ ಹಾಡು ಮುಗಿಯೋವರೆಗೂ ಯಾರೂ ಏಳಲಿಲ್ಲ.

ಎರಡು ದಿನ ಬಿಟ್ಟು ಮಗ ಎಲ್ಲೋ ಓದಿಕೊಂಡು ಬಂದು, "ತಾತ, ಅದು ಬೆಂಕಿ ಅಲ್ವಂತೆ, ಎಲ್‌ಇಡಿ ದೀಪ, ನೀರಿನ ಹನಿ" ಅಂದ. ನಿಜ. 40 ದೀಪ, ನೀರನ್ನು ಮಂಜಿನಂತೆ ಚಿಮ್ಮಿಸುವ 200 ನಳಿಕೆ. ಅಪ್ಪಾಜಿ ಮುಖ ಬಾಡಿತು. "ಸುಡ್ದೇ ಇರೋದು ಅದೆಂಥ ಜ್ಯೋತಿ ಕಣ್ಲಾ?" ನನಗೂ ಬೇಜಾರಾಗಿತ್ತು, ಸುಳ್ಳು ಹೇಳಲ್ಲ. ಒಲಿಂಪಿಯಾದಲ್ಲಿ ಸೂರ್ಯನಿಂದ ಹೊತ್ತಿಸಿ ತಂದ ನಿಜವಾದ ಜ್ಯೋತಿಯನ್ನು ಬಲೂನಿನ ಹತ್ತಿರವೇ ಒಂದು ಲಾಟೀನಿನಲ್ಲಿ ಕಾಪಾಡಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಹೇಳಿದೆ. "ಹಂಗಾದ್ರೆ ಸರಿ ಬುಡು" ಅಂದರು. ಬಾರ್ಸಿಲೋನಾದಲ್ಲೂ ಹೀಗೇ ಆಗಿತ್ತು. 1992ರ ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರ ಆಂಟೋನಿಯೊ ರೆಬೊಲೊ ಬಿಟ್ಟ ಉರಿಯುವ ಬಾಣ ಜ್ಯೋತಿಯ ಬಟ್ಟಲಿಗೆ ಬೀಳದೆ ಮೇಲಿಂದ ಹಾದುಹೋಯಿತು ಅಂತ ತಿಳಿದಾಗ ಎಷ್ಟೋ ಜನ ಮೋಸ ಅಂದರು. ಬಾಣ ದಾಟಿಹೋಗುವಂತೆಯೇ ಗುರಿಯಿಡಿಸಿದ್ದರು, ಕೆಳಗೆ ಗ್ಯಾಸ್ ಸಿದ್ಧವಿತ್ತು. ಪೋಲಿಯೊ ತಗುಲಿದ ಕಾಲಿನ ಮೇಲೆ ನಿಂತು, ಅಷ್ಟು ಜನರ ಎದುರು, ಒಂದೇ ಬಾಣ. ಅದರಲ್ಲಿ ಮೋಸ ಎಲ್ಲಿಂದ ಬಂತು?

ಬನ್ನಿಮಂಟಪದಲ್ಲೂ ಈಗ ಡ್ರೋನ್ ಬಂದಿದೆ, ಚೆನ್ನಾಗಿಯೇ ಇದೆ. ಆದರೆ ಕೊನೆಗೆ ಪಂಜು ಹಿಡಿದ ಹುಡುಗರು ಮೈದಾನಕ್ಕೆ ಇಳಿಯೋ ಹೊತ್ತಿಗೆ ಟ್ರಾಫಿಕ್ ಆಗುತ್ತೆ ಅಂತ ಜನ ಎದ್ದು ಗೇಟಿನ ಕಡೆ ಹೊರಡೋದು ನೋಡಿದರೆ ಹೊಟ್ಟೆ ಉರಿಯುತ್ತೆ. ಇನ್ನು ಹತ್ತು ನಿಮಿಷ ಕೂರಿ ಮಾರಾಯರೇ. ಆ ಸಾಲಿನಲ್ಲಿ ಯಾವ ಹುಡುಗನ ಮಣಿಕಟ್ಟಿನ ಮೇಲೆ ಈಗ ಎಣ್ಣೆ ಇಳೀತಿದೆಯೋ.

ರೀಲ್ ಹಾಕಿದ ತಮ್ಮನಿಗೆ ಇವತ್ತು ಫೋನ್ ಮಾಡಿದೆ. ಜಗಳ ಆಡಲಿಲ್ಲ. ಭಾನುವಾರ ಮನೆಗೆ ಬಾ, ಊಟಕ್ಕೆ ನಾಟಿಕೋಳಿ ಸಾರು, ದೊಡ್ಡಪ್ಪನ ಜೊತೆ ಕೂತು ಆ ಕೊನೆಯ ಭಾಗ ಒಂದು ಸಲ ನೋಡು ಅಂದೆ. "ಆಯ್ತು ಬುಡಕ್ಕ, ಬತ್ತೀನಿ" ಅಂದ. ಅಪ್ಪಾಜಿಗೆ ಹೇಳಿದೆ, ಕೊನೆಯ ಅರ್ಧ ಗಂಟೆ ಹಾಕ್ತೀನಿ ಅಂತ.

"ಅರ್ಧ ಗಂಟೆ ಯಾಕವ್ವ? ಮೊದ್ಲಿಂದ ಹಾಕು" ಅಂದರು.