ಅರಮನೆಯ ಆಚೆಗೂ ಮೊಘಲರ ಕಾಲ ಇತ್ತಲ್ವಾ?

'ಮುಘಲ್-ಎ-ಆಜಮ್' ಸಿನಿಮಾವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಲು ನೋಡಿದ್ದು 2004ರಲ್ಲಿ, ಪೂರ್ತಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ, ಅಪ್ಪನ ಜೊತೆ. 1960ರ ಮೂಲ ಚಿತ್ರದಲ್ಲಿ ಸ್ವಲ್ಪ ಭಾಗ ಮಾತ್ರ ಬಣ್ಣದಲ್ಲಿತ್ತು. ಶೀಷ್ ಮಹಲಿನಲ್ಲಿ ಮಧುಬಾಲಾ ಕುಣಿಯುವಾಗ ಮೇಲಿನ ಒಂದೊಂದು ಕನ್ನಡಿ ಚೂರಿನಲ್ಲೂ ಅವಳೇ ಕಾಣುತ್ತಾಳೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಶುರುವಿನ ದೃಶ್ಯ. ಮಗ ಬೇಕೆಂದು ಅಕ್ಬರ್ ಬರಿಗಾಲಲ್ಲಿ ಸುಡುವ ಮರಳಿನ ಮೇಲೆ ದರ್ಗಾಕ್ಕೆ ನಡೆಯುತ್ತಾನೆ. ಪೃಥ್ವಿರಾಜ್ ಕಪೂರ್ ಅಲ್ಲಿ ಬಾದಶಹ ಅಲ್ಲ, ಮಗುವಿಗಾಗಿ ಹಂಬಲಿಸುವ ಅಪ್ಪ.

ಸಿನಿಮಾದಲ್ಲಿ ಆ ಮಗ ಸಲೀಮ್ ಪ್ರೀತಿಸುವುದು ಮಧುಬಾಲಾ ಮಾಡಿದ ಅನಾರ್ಕಲಿಯನ್ನು. ಮುಂದೆ ಜಹಾಂಗೀರ್ ಎಂಬ ಹೆಸರಲ್ಲಿ ಬಾದಶಹನಾದ ಸಲೀಮ್ ಬರೆದ ಆತ್ಮಕಥೆಯಲ್ಲಿ ಅವಳ ಹೆಸರು ಇಲ್ಲ. ಅದು ನನಗೆ ತಕರಾರಲ್ಲ. ಕತೆ ಕತೆಯಾಗಿ ಚೆನ್ನಾಗಿದೆ. ನನ್ನ ಕೊರಗೇ ಬೇರೆ. ಮೊಘಲರ ಕಾಲದ ಸಿನಿಮಾ ಅಂದರೆ ಬಾದಶಹ, ರಾಣಿ, ಸೇನಾಪತಿ, ಅಷ್ಟೇ. ಹಿಂದೆ ಅತ್ತರು ಪೂಸಿಕೊಂಡ ಪ್ರೇಮಿಗಳು ಬಂದರು. ಈಗ ಕಪ್ಪು ಬಟ್ಟೆ ಹಾಕಿಕೊಂಡು ಕಣ್ಣು ಕೆಂಪಗೆ ಮಾಡುವ ಖಳರು ಜಾಸ್ತಿ ಬರುತ್ತಿದ್ದಾರೆ. ಎರಡರಲ್ಲೂ ಕ್ಯಾಮೆರಾ ಅರಮನೆ ಬಿಟ್ಟು ಹೊರಗೆ ಬಂದರೆ ನೇರ ಯುದ್ಧಭೂಮಿಗೇ. ನಡುವೆ ಒಂದು ಊರು ಇಲ್ಲ, ಅಂಗಡಿ ಇಲ್ಲ, ಮನೆ ಇಲ್ಲ.

ಬನಾರಸೀದಾಸನ 'ಅರ್ಧಕಥಾನಕ' ಓದಿದ ಮೇಲೆ ಈ ಕೊರಗು ಹೆಚ್ಚಾಯಿತು. ಈಗಿನ ಉತ್ತರ ಪ್ರದೇಶದ ಜೌನಪುರದಲ್ಲಿ 1586ರಲ್ಲಿ ಹುಟ್ಟಿದ ಜೈನ ವ್ಯಾಪಾರಿ ಆತ. 55ನೇ ವಯಸ್ಸಿನಲ್ಲಿ, 1641ರಲ್ಲಿ, ತನ್ನ ಬದುಕನ್ನು ಪದ್ಯದಲ್ಲಿ ಬರೆದ. ಮನುಷ್ಯನ ಪೂರ್ತಿ ಆಯುಸ್ಸು 110 ಎಂಬ ಲೆಕ್ಕದಲ್ಲಿ ಅದು ಅರ್ಧ ಕತೆ.

1605ರಲ್ಲಿ ಅಕ್ಬರ್ ತೀರಿಕೊಂಡ ಸುದ್ದಿ ಜೌನಪುರಕ್ಕೆ ಬಂದಾಗ ಬನಾರಸೀದಾಸ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಕೇಳಿದ್ದೇ ತಲೆ ತಿರುಗಿ ಉರುಳಿ ಬಿದ್ದ. ಹಣೆ ಒಡೆದು ರಕ್ತ ಸುರಿಯಿತು. ಅಮ್ಮ ಬಟ್ಟೆ ಸುಟ್ಟು ಗಾಯಕ್ಕೆ ಹಚ್ಚಿದಳು. ಹೊರಗೆ ಊರಿಗೆ ಊರೇ ಹೆದರಿತ್ತು. ಅಂಗಡಿಗಳು ಮುಚ್ಚಿದವು, ಮನೆಗಳ ಬಾಗಿಲು ಹಾಕಿದವು. ಒಡವೆ, ಒಳ್ಳೆಯ ಬಟ್ಟೆ ಎಲ್ಲ ಮಣ್ಣಿನೊಳಗೆ ಹೋದವು. ಸಿರಿವಂತರು ಒರಟು ಬಟ್ಟೆ ಉಟ್ಟುಕೊಂಡರು. ಯಾರು ಬಡವರು, ಯಾರು ಸಿರಿವಂತರು ಗೊತ್ತೇ ಆಗಲಿಲ್ಲವಂತೆ. ಸಲೀಮ್ ಪಟ್ಟಕ್ಕೆ ಬಂದಿದ್ದಾನೆ, ಎಲ್ಲ ಸರಿಯಿದೆ ಎಂದು ಆಗ್ರಾದಿಂದ ಕಾಗದ ಬರುವವರೆಗೆ, ಹತ್ತು ದಿನ, ಹೀಗೇ ಇತ್ತು.

ಸಲೀಮ್ ಪಟ್ಟಕ್ಕೇರುವುದನ್ನು ಈ ಊರಿನ ಕಡೆಯಿಂದ ಯಾರೂ ತೋರಿಸಿಲ್ಲ ಅಲ್ವಾ? ಒಬ್ಬ ಬಾದಶಹ ಸತ್ತರೆ ಒಬ್ಬ ತಾಯಿ ಏನೇನು ಬಚ್ಚಿಡುತ್ತಾಳೆ ಎಂಬುದೂ ಇತಿಹಾಸವೇ.

ಮುಂದೆ ಬನಾರಸೀದಾಸ ಆಗ್ರಾಕ್ಕೆ ವ್ಯಾಪಾರಕ್ಕೆ ಹೋದ. ತಂದ ಮಾಲಿನಲ್ಲಿ ಕೈ ಸುಟ್ಟುಕೊಂಡು ಬರಿಗೈಯಾದ. ಸಂಜೆ ಹೊತ್ತು ಜನರನ್ನು ಕೂರಿಸಿಕೊಂಡು 'ಮಧುಮಾಲತಿ', 'ಮೃಗಾವತಿ'ಯಂಥ ಪ್ರೇಮಕತೆಗಳನ್ನು ಓದಿ ಹೇಳುತ್ತಿದ್ದ. ಕೇಳಲು ಬರುವವರಲ್ಲಿ ಒಬ್ಬ ಕಚೋರಿ ಮಾರುವವನೂ ಇದ್ದ. ದುಡ್ಡಿಲ್ಲವೆಂದು ನಾಚಿಕೆ ಬಿಟ್ಟು ಹೇಳಿಕೊಂಡಾಗ ಆತ ಸಾಲ ಕೊಟ್ಟ. ಬನಾರಸೀದಾಸ ತಿಂಗಳುಗಟ್ಟಲೆ ಸಾಲದ ಕಚೋರಿಯಲ್ಲೇ ಹೊಟ್ಟೆ ಹೊರೆದ. ಆ ಕಚೋರಿಯವನ ಮುಖ ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಒಳ್ಳೆಯ ನಟನೊಬ್ಬನಿಗೆ ಎರಡೇ ದೃಶ್ಯ ಸಾಕು.

ಅಕ್ಬರನಿಗೆ ಸಲೀಮ್ ಹುಟ್ಟಿದ ಮೇಲೆ, 1570ರಲ್ಲಿ, ಆತ ಆಗ್ರಾದಿಂದ ಅಜ್ಮೇರಿನ ದರ್ಗಾಕ್ಕೆ ನಿಜವಾಗಿಯೂ ನಡೆದೇ ಹೋಗಿ ಹರಕೆ ತೀರಿಸಿದ. ಬನಾರಸೀದಾಸನಿಗೆ ಒಂಬತ್ತು ಮಕ್ಕಳು ಹುಟ್ಟಿದವು, ಒಂದೂ ಉಳಿಯಲಿಲ್ಲ. ಎಲೆ ಉದುರಿದ ಮರಗಳ ಹಾಗೆ ಗಂಡ ಹೆಂಡತಿ ಇಬ್ಬರೇ ಬೋಳಾಗಿ ನಿಂತೆವು ಎಂದು ಬರೆದಿದ್ದಾನೆ. ಅದನ್ನು ಓದಿದ ದಿನ ನನಗೆ ಪೃಥ್ವಿರಾಜ್ ಕಪೂರರ ಆ ಸುಟ್ಟ ಪಾದಗಳೇ ನೆನಪಾದವು. ಆ ಪಾದಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಈ ಗಂಡ ಹೆಂಡತಿಯ ಮನೆಯನ್ನೂ ಒಮ್ಮೆ ಅಷ್ಟೇ ದೊಡ್ಡ ತೆರೆಯ ಮೇಲೆ ನೋಡಬೇಕು ನನಗೆ.